ಇಂಜಿನ್ ನಿಂತ್ರೆ ವಿಮಾನ ಕಲ್ಲು ಬಿದ್ದಂಗೆ ಬೀಳತ್ತಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸಣ್ಣ ವಿಮಾನಗಳ ಬಗ್ಗೇನೇ ಇದ್ವು. ನಾನು ಬಹಳ ವರ್ಷ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಆಗಿದ್ದವನು, ನನ್ನ ಮನಸ್ಸಿಗೆ ತುಂಬಾ ಹತ್ರದ ವಿಷಯ ಇದು, ಹಾಗಾಗಿ ಉಳಿದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೆ ಮಾತ್ರ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಪ್ರಶ್ನೆ: ಸರ್ ನಮಸ್ಕಾರ್ರೀ. ನನ್ನ ಮಗ ಈ ವರ್ಷ ಪೈಲಟ್ ಟ್ರೇನಿಂಗಿಗೆ ಸೇರ್ಯಾನ್ರಿ. ಒಂದ ಇಂಜಿನ್ ಇರೋ ಸಣ್ಣ ವಿಮಾನ ಅಂತ. 2023ರಾಗ ಬೆಳಗಾವಿ ಹತ್ರ ಹೊನ್ನಿಹಾಳದಾಗ ಟ್ರೇನಿಂಗ್ ವಿಮಾನ ಹೊಲದಾಗ ಇಳಿದಿದ್ದು ಟಿವಿಯೊಳಗ ನೋಡಿದ್ವಿ, ಅದು ನೆನಪಾದ್ರ ರಾತ್ರಿ ನಿದ್ದಿ ಬರಂಗಿಲ್ಲ. ಇರೋ ಒಂದ ಇಂಜಿನ್ನೂ ಮ್ಯಾಲ ಹೋದಾಗ ಬಂದ್ ಆದ್ರ ಏನಾಕ್ಕೈತ್ರಿ? ಕಲ್ಲು ಬಿದ್ದಂಗ ಬೀಳತೈತೇನು?
— ಒಬ್ಬ ತಾಯಿ, ಹಾವೇರಿ

ಉತ್ತರ: ಅಮ್ಮ, ಮೊದಲು ನಿಮ್ಮ ಕೊನೇ ಪ್ರಶ್ನೆಗೆ ಉತ್ತರ ಹೇಳ್ಬಿಡ್ತೀನಿ. ಬೀಳಲ್ಲ. ವಿಮಾನವನ್ನ ಗಾಳೀಲಿ ಎತ್ತಿ ಹಿಡಿಯೋದು ರೆಕ್ಕೆ, ಇಂಜಿನ್ ಮಾಡೋ ಕೆಲಸ ಅದನ್ನ ಮುಂದಕ್ಕೆ ಎಳೆಯೋದು ಅಷ್ಟೇ. ಇಳಿಜಾರಲ್ಲಿ ಸೈಕಲ್ ಪೆಡಲ್ ತುಳಿಯೋದು ನಿಲ್ಲಿಸಿದ್ರೂ ಸೈಕಲ್ ಉರುಳ್ತಾನೇ ಇರತ್ತಲ್ಲ, ಹಂಗೇ ಮೂತಿ ಸ್ವಲ್ಪ ಕೆಳಗೆ ಮಾಡಿದ್ರೆ ವಿಮಾನ ಗಾಳೀಲಿ ಜಾರ್ತಾ ಜಾರ್ತಾ ಇಳಿಯತ್ತೆ. ನಮ್ಮ ದೇಶದ ಟ್ರೇನಿಂಗ್ ಸ್ಕೂಲ್‌ಗಳಲ್ಲಿ ಬಹಳ ಕಡೆ ಕಾಣೋ ಸೆಸ್ನಾ 172 ಇದೆಯಲ್ಲ, ಅದು ಒಂದು ಅಡಿ ಕೆಳಗಿಳಿಯೋಷ್ಟರಲ್ಲಿ ಹತ್ತಿರ ಹತ್ತಿರ 9 ಅಡಿ ಮುಂದೆ ಹೋಗತ್ತೆ. ಅಂದ್ರೆ 1,000 ಅಡಿ ಎತ್ತರದಲ್ಲಿ ಇಂಜಿನ್ ನಿಂತ್ರೆ ಹೆಚ್ಚುಕಮ್ಮಿ ಎರಡೂವರೆ ಕಿಲೋಮೀಟರ್ ದೂರ, ಒಂದೂಕಾಲು ನಿಮಿಷ ಟೈಮು ಕೈಯಲ್ಲಿರತ್ತೆ, 3,000 ಅಡಿ ಇದ್ರೆ ಅದರ ಮೂರರಷ್ಟು.

ನಿಮ್ಮ ಮಗ ಇದನ್ನ ಮೊದಲ ಸೋಲೋಗೆ (ಒಬ್ಬನೇ ಹಾರಿಸೋದಕ್ಕೆ) ಮುಂಚೆನೇ ಎಷ್ಟೋ ಸಲ ಮಾಡಿರ್ತಾನೆ. ನಾವು ಇನ್‌ಸ್ಟ್ರಕ್ಟರ್‌ಗಳು ಹುಡುಗರು ಕಿಟಕಿ ಆಚೆ ನೋಡ್ತಾ ಕೂತಿರೋವಾಗ ಹೇಳದೇ ಕೇಳದೇ, ಇಂಜಿನ್ ಶಕ್ತಿ ಏರಿಸಿ ಇಳಿಸೋ ಥ್ರಾಟಲ್ ಹಿಂದಕ್ಕೆ ಎಳೆದು "ಇಂಜಿನ್ ಹೋಯ್ತು, ಈಗೇನ್ ಮಾಡ್ತೀಯಾ?" ಅಂತೀವಿ. ಮೊದಲ ಸಲ ಎಲ್ರೂ ಮಾಡೋದು ಒಂದೇ, ಎರಡು ಸೆಕೆಂಡ್ ನಮ್ಮ ಮುಖ ನೋಡ್ತಾರೆ! ಆ ಎರಡು ಸೆಕೆಂಡನ್ನ ಕಮ್ಮಿ ಮಾಡೋದೇ ಟ್ರೇನಿಂಗು. ಮೂತಿ ಇಳಿಸು, ಸ್ಪೀಡು 65 ನಾಟ್ ಹತ್ರ ಹಿಡಿ (ಅಂದ್ರೆ ಗಂಟೆಗೆ ಸುಮಾರು 120 ಕಿಲೋಮೀಟರ್, ಮಾಡೆಲ್ ಮೇಲೆ ಎರಡು ಮೂರು ನಾಟ್ ಆಚೀಚೆ), ಆಮೇಲೆ ಇಳಿಯೋಕೆ ಜಾಗ ನೋಡು, ಜಾಗ ಸಿಕ್ಕಿದ ಮೇಲೆ ಇಂಜಿನ್ ಯಾಕೆ ನಿಂತಿದೆ ಅಂತ ಹುಡುಕು, ಟೈಮ್ ಉಳಿದ್ರೆ ರೇಡಿಯೋದಲ್ಲಿ ಮೂರು ಸಲ ಮೇಡೇ ಅಂತ ಅಪಾಯದ ಕರೆ ಹೇಳು. ಈ ಕ್ರಮ ತಪ್ಪಬಾರದು. ಮೊದಲು ರೇಡಿಯೋ ಹಿಡ್ಕೊಂಡು ಮಾತಾಡೋಕೆ ಹೋದವರು ಅಷ್ಟರಲ್ಲಿ ಸ್ಪೀಡ್ ಕಳ್ಕೊಂಡಿರ್ತಾರೆ.

ಜಾಗ ನೋಡೋದೂ ಒಂದು ವಿದ್ಯೇನೇ ಅಮ್ಮ. ಮೇಲಿಂದ ನೋಡಿದ್ರೆ ಕಬ್ಬಿನ ಗದ್ದೆ ಹಸಿರು ಹಾಸಿಗೆ ಥರ ಕಾಣತ್ತೆ, ಆದ್ರೆ ಅದು ಆಳೆತ್ತರ ಬೆಳೆದಿರತ್ತೆ, ಚಕ್ರ ಸಿಕ್ಕಿಹಾಕ್ಕೊಂಡ್ರೆ ವಿಮಾನ ಪಲ್ಟಿ. ಕಟಾವಾದ ಜೋಳದ ಹೊಲ ಚೆನ್ನ. ಉತ್ತ ಹೊಲ ಆದ್ರೆ ಸಾಲಿನ ಉದ್ದಕ್ಕೇ ಇಳೀಬೇಕು, ಅಡ್ಡಕ್ಕೆ ಹೋಗ್ಬಾರದು. ರಸ್ತೆ ಕಂಡ ತಕ್ಷಣ ಹುಡುಗರಿಗೆ ಖುಷಿ ಆಗತ್ತೆ, ನನಗೆ ಮಾತ್ರ ಭಯ, ಯಾಕಂದ್ರೆ ರಸ್ತೆ ಪಕ್ಕ ಕರೆಂಟ್ ಕಂಬ ಇದ್ದೇ ಇರತ್ತೆ ಮತ್ತೆ ತಂತಿ ಮೇಲಿಂದ ಕಣ್ಣಿಗೆ ಬೀಳೋದೇ ಇಲ್ಲ, ಕಂಬ ಕಂಡ್ರೆ ತಂತಿ ಇದೆ ಅಂತಾನೇ ಲೆಕ್ಕ ಹಾಕ್ಕೋಬೇಕು. ಗಾಳಿ ಯಾವ ಕಡೆಯಿಂದ ಅಂತ ತಿಳಿಯೋಕೆ ಇಟ್ಟಿಗೆ ಭಟ್ಟಿ ಹೊಗೆ, ಕೆರೆ ಮೇಲಿನ ಅಲೆ.

ಹೊನ್ನಿಹಾಳದ ವಿಮಾನದ ವಿಷಯಕ್ಕೆ ಬರ್ತೀನಿ. ಅವತ್ತು ಮೇ 30, ಸಾಂಬ್ರಾ ಏರ್‌ಪೋರ್ಟಿಂದ ಬೆಳಿಗ್ಗೆ ಮೇಲೆದ್ದ ವಿಮಾನ, ತಾಂತ್ರಿಕ ತೊಂದರೆ ಆಗಿ ಹೊಲದಲ್ಲಿ ಇಳಿಸಬೇಕಾಯ್ತು. ಟಿವಿಯಲ್ಲಿ ಜಖಂ ಆದ ವಿಮಾನಾನೇ ತೋರಿಸಿದ್ರು, ನೀವು ಅದನ್ನೇ ನೆನಪಿಟ್ಕೊಂಡಿದೀರಿ. ನಾನು ನೆನಪಿಟ್ಕೊಂಡಿರೋದು ಬೇರೆ, ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯ ಮಾತ್ರ ಆಯ್ತು ಅನ್ನೋದು. ವಿಮಾನ ಮುರೀಲಿ, ಜನ ಉಳೀಲಿ, ಇದೇ ನಾವು ಕಲಿಸೋದು. ಒಂದು ಲೆಕ್ಕ ಹೇಳ್ತೀನಿ ಕೇಳಿ. ಸೀಟು ಬೆಲ್ಟು ಸರಿ ಇದ್ದು ಗಂಟೆಗೆ 50 ಮೈಲಿ ಸ್ಪೀಡಲ್ಲಿ ನೆಲ ಮುಟ್ಟಿದ ವಿಮಾನ ಬರೀ 9-10 ಅಡಿಯಲ್ಲಿ ಒಂದೇ ಸಮನೆ ನಿಂತ್ರೂ ಮೈಮೇಲೆ ಬೀಳೋ ಹೊರೆ ಒಳಗಿರೋರು ತಡ್ಕೊಳ್ಳೋ ಮಟ್ಟದಲ್ಲೇ ಇರತ್ತೆ. ಹತ್ತು ಅಡಿ ಅಂದ್ರೆ ಒಂದು ಸಣ್ಣ ಕಾರಿನ ಉದ್ದಾನೂ ಇಲ್ಲ! ಅದೇ 100 ಮೈಲಿ ಸ್ಪೀಡಲ್ಲಿ ಬಂದ್ರೆ ಅದರ ನಾಲ್ಕು ಪಟ್ಟು ಜಾಗ ಬೇಕು. ಅದಕ್ಕೇ ನಿಧಾನಕ್ಕೆ, ಕಂಟ್ರೋಲ್ ಇಟ್ಕೊಂಡು, ರೆಕ್ಕೆ ಸಮ ಇಟ್ಕೊಂಡು ಬೇಲಿಗೇ ಗುದ್ದಿದ್ರೂ ಬದುಕ್ತಾರೆ.

ಹಂಗಾದ್ರೆ ಜನ ಯಾಕೆ ಸಾಯ್ತಾರೆ ಅಂತ ನೀವು ಕೇಳೇ ಕೇಳ್ತೀರಿ, ಮುಚ್ಚಿಡಲ್ಲ. ಟೇಕಾಫ್ ಆದ ತಕ್ಷಣ, 300-400 ಅಡಿಯಲ್ಲಿ ಇಂಜಿನ್ ನಿಂತಾಗ, ಹಿಂದೆ ಇರೋ ರನ್‌ವೇಗೆ ವಾಪಸ್ ತಿರುಗೋಕೆ ಹೋಗಿ. ಮನಸ್ಸು ಮನೆ ಕಡೆನೇ ಎಳೆಯತ್ತೆ. ಆದ್ರೆ ವಾಪಸ್ ಬರೋಕೆ ಅರ್ಧ ಸುತ್ತು ಸಾಲಲ್ಲ, ತಿರುಗೋಷ್ಟರಲ್ಲಿ ರನ್‌ವೇ ಪಕ್ಕಕ್ಕೆ ಸರಿದಿರತ್ತೆ, ಮತ್ತೆ ಅದರ ಕಡೆ ತಿರುಗ್ಬೇಕು, ಮತ್ತೆ ನೇರ ಮಾಡ್ಕೋಬೇಕು, ಇಷ್ಟಕ್ಕೆಲ್ಲ ಎತ್ತರ ಎಲ್ಲಿದೆ? ಎತ್ತರ ಸಾಲ್ತಿಲ್ಲ ಅಂತ ಗೊತ್ತಾದಾಗ ಕೈ ತಾನಾಗೇ ಮೂತಿ ಎತ್ತತ್ತೆ, ಇನ್ನೂ ಬೇಗ ತಿರುಗಲಿ ಅಂತ ರೆಕ್ಕೆ ಇನ್ನೂ ವಾಲಿಸ್ತಾರೆ. 45 ಡಿಗ್ರಿ ವಾಲಿದ್ರೆ ವಿಮಾನ ಗಾಳೀಲಿ ನಿಲ್ಲೋಕೆ ಬೇಕಾದ ಕನಿಷ್ಠ ಸ್ಪೀಡು ಸುಮಾರು ಶೇಕಡಾ 20ರಷ್ಟು ಏರತ್ತೆ. ಆಗ ರೆಕ್ಕೆ ಮೇಲಿನ ಗಾಳಿ ಹರಿವು ಕಿತ್ತುಹೋಗತ್ತೆ, ಇದಕ್ಕೇ ಸ್ಟಾಲ್ ಅಂತೀವಿ, ಒಂದು ರೆಕ್ಕೆ ಮಗುಚಿ ವಿಮಾನ ತಿರುಗ್ತಾ ನೆಲಕ್ಕೆ ಬರತ್ತೆ. ನೀವು ಹೇಳಿದ ಕಲ್ಲು ಬಿದ್ದಂಗ ಬೀಳೋದು ಅಂದ್ರೆ ಇದು. ಇಂಜಿನ್ ನಿಂತು ಹಿಂಗಾಗಲಿಲ್ಲ ನೋಡಿ, ನಿಂತ ಮೇಲೆ ನಾವು ಮಾಡಿದ್ದರಿಂದ ಆಯ್ತು. 2004ರ ಏಪ್ರಿಲ್ 17ಕ್ಕೆ ಬೆಂಗಳೂರಿನ ಜಕ್ಕೂರು ಏರೋಡ್ರೋಮಿಂದ ಮೇಲೆದ್ದ ಸ್ವಲ್ಪ ಹೊತ್ತಲ್ಲೇ ಬಿದ್ದ ವಿಮಾನದಲ್ಲಿ ನಮ್ಮ ಸೌಂದರ್ಯ ಅವರೂ ಸೇರಿ ನಾಲ್ಕು ಜನ ಹೋದ್ರಲ್ಲ, ಆ ದಿನ ನೆನೆಸ್ಕೊಂಡ್ರೆ ಈಗಲೂ ಸಂಕಟ ಆಗತ್ತೆ. ಅಷ್ಟು ಕೆಳಗೆ ಏನೇ ತಪ್ಪಿದ್ರೂ ಸರಿ ಮಾಡ್ಕೊಳ್ಳೋಕೆ ಟೈಮೇ ಇರಲ್ಲ.

ಮಗ ರಜಕ್ಕೆ ಬಂದಾಗ ಊಟಕ್ಕೆ ಬಡಿಸ್ತಾ ಒಂದು ಮಾತು ಕೇಳಿ: "ಟೇಕಾಫ್ ಆದ ಮ್ಯಾಲ ಎಷ್ಟು ಅಡಿ ಒಳಗ ಇಂಜಿನ್ ನಿಂತ್ರ ನೀ ವಾಪಸ್ ತಿರಗಂಗಿಲ್ಲ?" ಅವನು ತಡವರಿಸದೇ ಒಂದು ನಂಬರ್ ಹೇಳಿದ್ರೆ ನೀವು ನಿಶ್ಚಿಂತೆಯಿಂದ ಮಲಗಬಹುದು, ಸ್ಕೂಲಲ್ಲಿ ಸರಿಯಾಗೇ ಕಲಿಸ್ತಿದ್ದಾರೆ.

ಪ್ರಶ್ನೆ: ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ವಿಮಾನ ಗಾಲ್ಫ್ ಮೈದಾನದಲ್ಲಿ ಬಿದ್ದಿತ್ತಂತೆ. ಅವರೂ ವಾಪಸ್ ತಿರುಗಿದ್ರಂತೆ ಹೌದಾ? ಹಂಗಾದ್ರೆ ಅವರು ಮಾಡಿದ್ದು ತಪ್ಪಾ?
— ಡಿಗ್ರಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಒಳ್ಳೇ ಪ್ರಶ್ನೆ ತಮ್ಮಾ. 2015ರ ಮಾರ್ಚ್ 5, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಏರ್‌ಪೋರ್ಟು. ಎರಡನೇ ಮಹಾಯುದ್ಧದ ಕಾಲದ ರಯಾನ್ ಅನ್ನೋ ಟ್ರೇನರ್ ವಿಮಾನ, ಮುಂದೆ ಐದು ಸಿಲಿಂಡರ್ ನಕ್ಷತ್ರದ ಥರ ಹರಡಿರೋ ಕಿನ್ನರ್ ಇಂಜಿನ್ (ಹೆಸರು ಕೇಳಿದ್ರೆ ನಮ್ಮ ಕಿನ್ನರಿನೇ ನೆನಪಾಗತ್ತೆ), ಒಬ್ಬರೇ ಹಾರಿಸ್ತಿದ್ರು, ವಯಸ್ಸು 72. ಟೇಕಾಫ್ ಆಗಿ ಸ್ವಲ್ಪ ಹೊತ್ತಿಗೇ ಇಂಜಿನ್ ಶಕ್ತಿ ಹೋಯ್ತು. ಎಡಕ್ಕೆ ತಿರುಗಿಸಿ ಏರ್‌ಪೋರ್ಟ್ ಕಡೆ ಬಂದ್ರು, ಮುಟ್ಟಲ್ಲ ಅಂತ ಗೊತ್ತಾಯ್ತು, ಪಕ್ಕದ ಪೆನ್‌ಮಾರ್ ಗಾಲ್ಫ್ ಮೈದಾನದಲ್ಲಿ ಇಳಿಸೋಕೆ ಹೋದ್ರು, ಮರದ ತುದಿಗೆ ತಾಗಿ ನೆಲಕ್ಕೆ ಬಡೀತು. ಮೂಳೆ ಮುರೀತು, ಜೀವ ಉಳೀತು.

ತಪ್ಪಾ ಅಂದ್ರೆ, ನೋಡು, ಅವರ ಕೈಯಲ್ಲಿ ಸಾವಿರ ಅಡಿ ಹತ್ರ ಎತ್ತರ ಇತ್ತು, 300 ಅಡಿಯಲ್ಲಿ ತಿರುಗಿದ್ದಲ್ಲ. ನನಗೆ ಆ ಘಟನೇಲಿ ಬಹಳ ಹಿಡಿಸೋದು ಸ್ಪೀಡನ್ನ ಬಿಡದೇ ಗಂಟೆಗೆ 85 ಮೈಲಿ ಹತ್ರನೇ ಹಿಡ್ಕೊಂಡಿದ್ದು. ರನ್‌ವೇ ಕಣ್ಣೆದುರಿಗೇ ಕಾಣ್ತಿರತ್ತೆ, ಇನ್ನೊಂದು ಚೂರು ಮೂತಿ ಎತ್ತಿದ್ರೆ ಮುಟ್ಟಿಬಿಡ್ತೀನಿ ಅನ್ಸತ್ತೆ, ಆಗ ಎತ್ತದೇ ಇರೋದು ಎಷ್ಟು ಕಷ್ಟ ಅಂತ ಆ ಸೀಟಲ್ಲಿ ಕೂತೋರಿಗೇ ಗೊತ್ತು. ಎತ್ತಿದ್ರೆ ಜಾಸ್ತಿ ದೂರ ಹೋಗಲ್ಲ, ಸ್ಪೀಡ್ ಕರಗಿ ಸ್ಟಾಲ್ ಆಗತ್ತೆ.

ಆಮೇಲೆ ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಇಂಜಿನ್ ಬಿಚ್ಚಿ ನೋಡಿದಾಗ ಸಿಕ್ಕಿದ್ದೇನು ಗೊತ್ತಾ? ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕಳಿಸೋ ಕಾರ್ಬುರೇಟರ್ ಒಳಗೆ, ಪೆಟ್ರೋಲ್ ಅಳೆದು ಬಿಡೋ ಜೆಟ್ ಅನ್ನೋ ಪುಟ್ಟ ಪಾರ್ಟು ತನ್ನ ಜಾಗದಿಂದ ತಿರುಪು ಬಿಚ್ಚಿಕೊಂಡು ಅಡ್ಡ ತಿರುಗಿತ್ತು. ಹಳೇ ಬೈಕ್ ಕಾರ್ಬುರೇಟರ್ ಬಿಚ್ಚಿದ್ದರೆ ನೀನೂ ನೋಡಿರ್ತೀಯ ಅಂಥ ಪಾರ್ಟನ್ನ. ಅದು ಕಳಚಿದ್ದಕ್ಕೆ ಪೆಟ್ರೋಲ್ ಬೇಕಾದ್ದಕ್ಕಿಂತ ಸಿಕ್ಕಾಪಟ್ಟೆ ಜಾಸ್ತಿ ನುಗ್ಗಿ ಇಂಜಿನ್ ಉಸಿರು ಕಟ್ಟಿಹೋಗಿದೆ. ಆ ಕಾರ್ಬುರೇಟರನ್ನ ರಿಪೇರಿ ಮಾಡಿ ಕೂರಿಸಿ ಸುಮಾರು 17 ವರ್ಷ ಆಗಿತ್ತು, ಈ ಜೆಟ್ ಬಿಗಿಯಾಗಿದೆಯಾ ಅಂತ ಆಗಾಗ ನೋಡಿ ಅನ್ನೋ ಸೂಚನೆ ಮೆಂಟೆನೆನ್ಸ್ ಪುಸ್ತಕದಲ್ಲಿ ಇರಲೇ ಇಲ್ಲ. ಇನ್ನೊಂದು ವಿಷಯಾನೂ ಹೊರಗೆ ಬಂತು, ಭುಜದ ಬೆಲ್ಟನ್ನ ಸೀಟಿನ ಹಿಂಭಾಗಕ್ಕೆ ಸರಿಯಾದ ಆಧಾರ ಕೊಡದೇ ಕೂರಿಸಿದ್ರು, ಬಡಿದಾಗ ಅದು ಹಿಡೀಲಿಲ್ಲ. ಏಟು ಅಷ್ಟು ಜೋರಾಗಿ ಬಿದ್ದಿದ್ದಕ್ಕೆ ಅದೂ ಕಾರಣ. ಅದಕ್ಕೇ ನಾನು ಯಾವ ವಿಮಾನ ಹತ್ತಿದ್ರೂ ಭುಜದ ಬೆಲ್ಟ್ ಎಲ್ಲಿ ಕಚ್ಚಿದೆ ಅಂತ ಬೆನ್ನ ಹಿಂದೆ ಕೈ ಹಾಕಿ ಎಳೆದು ನೋಡ್ತೀನಿ.

ಪ್ರಶ್ನೆ: ನಮ್ಮ ಕರ್ನಾಟಕದಲ್ಲಿ ಹಿಮ ಬೀಳಲ್ಲ. ಆದ್ರೂ ಕಾರ್ಬುರೇಟರಲ್ಲಿ ಐಸ್ ಕಟ್ಟಿ ಇಂಜಿನ್ ನಿಲ್ಲತ್ತೆ ಅಂತ ಎಲ್ಲೋ ಕೇಳ್ದೆ. ನಿಜಾನಾ?
— ಏರೋಮಾಡೆಲಿಂಗ್ ಆಸಕ್ತ, ಮಡಿಕೇರಿ

ಉತ್ತರ: ನಿಜ. ಪೆಟ್ರೋಲ್ ಆವಿ ಆಗೋವಾಗ ಸುತ್ತಲಿನ ಶಾಖ ಹೀರ್ಕೊಳ್ಳತ್ತೆ, ಕೈ ಮೇಲೆ ಸ್ಪಿರಿಟ್ ಹಾಕಿದ್ರೆ ತಣ್ಣಗಾಗಲ್ವಾ ಹಂಗೆ. ಕಾರ್ಬುರೇಟರ್ ಕೊರಳಲ್ಲಿ ಉಷ್ಣತೆ 20 ಡಿಗ್ರಿಗಿಂತ ಜಾಸ್ತಿನೇ ಇಳಿದುಬಿಡಬಹುದು, ಹೊರಗೆ 20 ಡಿಗ್ರಿ ಇದ್ದು ಗಾಳೀಲಿ ತೇವ ಇದ್ರೆ ಒಳಗೆ ಐಸು. ನಿಮ್ಮ ಮಡಿಕೇರಿ ಮಳೆಗಾಲದ ಬೆಳಿಗ್ಗೆ ಅದಕ್ಕೆ ಹೇಳಿ ಮಾಡಿಸಿದಂಗಿದೆ. ಇಂಜಿನ್ ಸುತ್ತು ಮೆಲ್ಲಗೆ ಇಳೀತಾ ಬರತ್ತೆ, ಬಿಸಿ ಗಾಳಿ ಬಿಡೋ ಗುಂಡಿ ಎಳೆದ್ರೆ ಐಸ್ ಕರಗಿ ನೀರು ಇಂಜಿನ್ ಒಳಗೆ ಹೋಗೋವಾಗ ಇನ್ನೂ ಜೋರಾಗಿ ಕೆಮ್ಮತ್ತೆ, ಹೊಸ ಹುಡುಗರು ಹೆದರಿ ಗುಂಡಿ ವಾಪಸ್ ಒತ್ತಿಬಿಡ್ತಾರೆ. ಒತ್ತಬಾರದು, ಅರ್ಧ ನಿಮಿಷ ಕಾದ್ರೆ ತಾನೇ ಸರಿ ಹೋಗತ್ತೆ. ಈಗಿನ ಫ್ಯೂಯಲ್ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಕಾರ್ಬುರೇಟರೇ ಇಲ್ಲ, ಈ ಕಾಟಾನೂ ಇಲ್ಲ.

ಪ್ರಶ್ನೆ: ನಿಮಗೆ ಸ್ವಂತ ಹಿಂಗೆ ಆಗಿದೆಯಾ ಸರ್? ಅಭ್ಯಾಸ ಮಾಡೋದು ಬೇರೆ, ನಿಜವಾಗ್ಲೂ ಇಂಜಿನ್ ಕೈಕೊಡೋದು ಬೇರೆ ಅಲ್ವಾ?
— ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಪೂರ್ತಿ ನಿಂತಿದ್ದು ಯಾವತ್ತೂ ಇಲ್ಲ. ಅರ್ಧ ಕೈಕೊಟ್ಟಿದ್ದು ಒಂದ್ಸಲ ಆಗಿದೆ, ಅದು ಪೂರ್ತಿ ನಿಲ್ಲೋದಕ್ಕಿಂತ ಕಷ್ಟ ಅಂತ ನನ್ನ ಅನುಭವ. ಒಬ್ಬ ಹುಡುಗನ್ನ ಕೂರಿಸ್ಕೊಂಡು ಪಾಠ ಮುಗಿಸಿ ವಾಪಸ್ ಬರ್ತಿದ್ದೆ, ಎತ್ತರ ತೋರಿಸೋ ಮೀಟರ್ ಐದು ಸಾವಿರ ಅಡಿ ತೋರಿಸ್ತಿತ್ತು, ಅಂದ್ರೆ ನೆಲದಿಂದ ಎರಡೇ ಸಾವಿರ. ಬೆಂಗಳೂರಿನ ನೆಲಾನೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ ನೋಡಿ, ಮೀಟರ್ ನೋಡಿ ಎತ್ತರ ಬೇಕಾದಷ್ಟಿದೆ ಅಂದ್ಕೊಂಡ್ರೆ ಕೆಟ್ಟಂಗೆ. ಇದ್ದಕ್ಕಿದ್ದಂಗೆ ಇಂಜಿನ್ ಗಡಗಡ ನಡುಗೋಕೆ ಶುರು, ಡ್ಯಾಶ್‌ಬೋರ್ಡ್ ಮೇಲಿಟ್ಟಿದ್ದ ಪೆನ್ಸಿಲ್ ಕುಣಿದು ಕೆಳಗೆ ಬಿತ್ತು. ಎದೆ ಝಲ್ ಅಂತು. ಹುಡುಗ ಒಂದು ಮಾತೂ ಆಡಲಿಲ್ಲ, ನನ್ನ ತೋಳು ಮಾತ್ರ ಗಟ್ಟಿಯಾಗಿ ಹಿಡ್ಕೊಂಡ, ಬಿಡಿಸ್ಕೋಬೇಕಾಯ್ತು.

ಈ ಇಂಜಿನ್‌ಗಳಲ್ಲಿ ಕಿಡಿ ಹುಟ್ಟಿಸೋಕೆ ಎರಡು ಮ್ಯಾಗ್ನೆಟೋ ಇರ್ತವೆ, ಒಂದೊಂದು ಸಿಲಿಂಡರಿಗೂ ಎರಡೆರಡು ಪ್ಲಗ್ಗು, ಒಂದು ಸತ್ರೆ ಇನ್ನೊಂದು ಅಂತ. ಮೂತಿ ಇಳಿಸಿ, ಬಲಗಡೆ ಒಂದು ಒಣಗಿದ ಕೆರೆ ಅಂಗಳ ಇತ್ತು ಅದನ್ನ ಗುರುತು ಮಾಡ್ಕೊಂಡು, ಪೆಟ್ರೋಲ್ ವಾಲ್ವ್ ಎಲ್ಲ ಮುಟ್ಟಿ ನೋಡಿ, ಆಮೇಲೆ ಕೀ ತಿರುಗಿಸಿ ಒಂದೊಂದೇ ಮ್ಯಾಗ್ನೆಟೋ ಮೇಲೆ ಹಾಕಿ ನೋಡ್ದೆ. ಬಲಗಡೇದಕ್ಕೆ ಹಾಕಿದ್ರೆ ಇನ್ನೇನು ನಿಂತೇಹೋಗತ್ತೆ ಅನ್ನೋ ಹಾಗೆ ಬಡ್ಕೊಳ್ತು, ಎಡಗಡೇದಕ್ಕೆ ಹಾಕಿದ ತಕ್ಷಣ ತೊಟ್ಟಿಲಲ್ಲಿ ಹಾಕಿದ ಮಗು ಥರ ಸುಮ್ಮನಾಯ್ತು. ಅದರ ಮೇಲೇ ವಾಪಸ್ ಬಂದು ಇಳಿಸಿದ್ವಿ. ಬಿಚ್ಚಿ ನೋಡಿದಾಗ ಬಲಗಡೆ ಮ್ಯಾಗ್ನೆಟೋ ಒಳಗಿನ ಗೇರಿನ ಹಲ್ಲು ಮುರಿದಿತ್ತು, ಕಿಡಿ ಬೇಡದ ಟೈಮಲ್ಲಿ ಹಾರ್ತಿತ್ತು.

ಅರ್ಧ ಶಕ್ತಿ ಯಾಕೆ ಕಷ್ಟ ಅಂದ್ರೆ ಅದು ಆಸೆ ಹುಟ್ಸತ್ತೆ. ಇನ್ನೂ ಓಡ್ತಿದೆಯಲ್ಲ ಏರ್‌ಪೋರ್ಟ್ ತಲುಪಿಸತ್ತೆ ಅಂತ ಒಳ್ಳೊಳ್ಳೇ ಹೊಲಗಳನ್ನ ದಾಟ್ಕೊಂಡು ಊರಿನ ಮೇಲೆ ಬಂದುಬಿಡ್ತೀವಿ, ಅಲ್ಲಿ ಪೂರ್ತಿ ನಿಲ್ಲತ್ತೆ. ಜಕ್ಕೂರು ಸುತ್ತ ಈಗ ನೋಡಿ, ಎಲ್ಲಿ ನೋಡಿದ್ರೂ ಅಪಾರ್ಟ್‌ಮೆಂಟು, ಮೊದಲು ಹೊಲ ಗದ್ದೆ ಇದ್ದ ಜಾಗ. ಅದಕ್ಕೇ ನಾನು ಅವತ್ತು ಆ ಕೆರೆ ಅಂಗಳ ಬಿಟ್ಟು ಹೊರಡೋ ಮುಂಚೆ ಅದರ ಮೇಲೇ ಒಂದು ಸುತ್ತು ಹೊಡೆದು, ಇಂಜಿನ್ ನಿಜವಾಗ್ಲೂ ಸರಿಹೋಗಿದೆಯಾ ಅಂತ ನೋಡ್ಕೊಂಡೇ ಮುಂದೆ ಹೊರಟಿದ್ದು.

ಪ್ರಶ್ನೆ: 2009ರಲ್ಲಿ ನಮ್ಮ ಬಿಡದಿ ಹತ್ರ ಬಿದ್ದ ಸರಸ್ ವಿಮಾನಕ್ಕೆ ಎರಡು ಇಂಜಿನ್ ಇತ್ತಲ್ಲ, ಆದ್ರೂ ಯಾಕೆ ಬಿತ್ತು? ಆಗ ನಾನು ಸ್ಕೂಲಲ್ಲಿದ್ದೆ, ಹೊಗೆ ಇನ್ನೂ ಕಣ್ಣಿಗೆ ಕಟ್ಟಿದಂಗಿದೆ.
— ಓದುಗ, ರಾಮನಗರ

ಉತ್ತರ: ಮಾರ್ಚ್ 6, ಶೇಷಗಿರಿಹಳ್ಳಿ ಹತ್ರ. ಬೆಂಗಳೂರಿನ ಎನ್‌ಎಎಲ್ (ವಿಮಾನಗಳ ಬಗ್ಗೆ ಸಂಶೋಧನೆ ಮಾಡೋ ಸರ್ಕಾರಿ ಸಂಸ್ಥೆ) ರೂಪಿಸಿದ 14 ಸೀಟಿನ ವಿಮಾನ, ಅದು ಎರಡನೇ ಮಾದರಿ. ಅದು ಇಂಜಿನ್ ತಾನಾಗಿ ಕೆಟ್ಟಿದ್ದಲ್ಲ. ಒಂದು ಇಂಜಿನ್ನನ್ನ ಬೇಕಂತಲೇ ಗಾಳೀಲಿ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿ ನೋಡೋ ಪರೀಕ್ಷೆ ನಡೀತಿತ್ತು, ಮುಂದೆ ಪ್ರಯಾಣಿಕರು ಕೂರೋವಾಗ ಹಂಗೇನಾದ್ರೂ ಆದ್ರೆ ವಿಮಾನ ಹೆಂಗೆ ನಡ್ಕೊಳ್ಳತ್ತೆ ಅಂತ ತಿಳಿಯೋಕೆ. ಮತ್ತೆ ಸ್ಟಾರ್ಟ್ ಮಾಡೋ ಕ್ರಮಾನೇ ವಿನ್ಯಾಸ ಮಾಡಿದವರು ತಪ್ಪಾಗಿ ಬರೆದುಕೊಟ್ಟಿದ್ರು, ಅದನ್ನ ಮಾಡಿದ ಎತ್ತರಾನೂ ಸಾಲ್ತಿರಲಿಲ್ಲ ಅಂತ ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ತನಿಖೆ ಹೇಳ್ತು. ವಿಮಾನ ವೇಗವಾಗಿ ಎತ್ತರ ಕಳ್ಕೊಂಡು ಕಂಟ್ರೋಲಿಗೆ ಸಿಗದೇ ಹೋಯ್ತು. ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡ್ರು. ಕೈಗೆ ಕೊಟ್ಟ ಹಾಳೆ ನಂಬಿ ಅದರಂತೇ ಮಾಡಿದವರು ಅವರು. ಪೈಲಟ್ ತಪ್ಪು ಅಂತ ಯಾರಾದ್ರೂ ಒಂದೇ ಮಾತಲ್ಲಿ ಹೇಳಿದಾಗ ನನಗೆ ಇವರೇ ನೆನಪಾಗ್ತಾರೆ, ತಡ್ಕೊಳ್ಳೋಕಾಗಲ್ಲ.

ಪ್ರಶ್ನೆ: ಸರ್, ನಮ್ಮ ಹೊಲ ಏರ್‌ಪೋರ್ಟ್ ಸಮೀಪ ಐತಿ, ದಿನಾ ಟ್ರೇನಿಂಗ್ ವಿಮಾನ ತಲಿ ಮ್ಯಾಲ ಹೊಕ್ಕಾವ. ನಾಳೆ ನಮ್ಮ ಹೊಲದಾಗ ಇಳದ್ರ ನಾವು ಏನ್ ಮಾಡಬೇಕ್ರಿ?
— ರೈತ, ಬೆಳಗಾವಿ ತಾಲ್ಲೂಕು

ಉತ್ತರ: ಅಣ್ಣಾ, ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಕೈ ಮುಗೀತೀನಿ. ಮೊದಲು ಬೀಡಿ ಸಿಗರೇಟು ಆರಿಸಿ, ಸುತ್ತ ಯಾರೂ ಹಚ್ಚದಂಗೆ ನೋಡ್ಕೊಳ್ಳಿ, ರೆಕ್ಕೆ ತುಂಬಾ ಪೆಟ್ರೋಲ್ ಇರತ್ತೆ, ತಿಳಿ ನೀಲಿ ಬಣ್ಣದ್ದು, ಸೋರ್ತಿದ್ರೆ ವಾಸನೆ ಬರತ್ತೆ. ಕರೆಂಟ್ ತಂತಿ ಹರಿದು ವಿಮಾನದ ಮೇಲೆ ಬಿದ್ದಿದ್ರೆ ಹತ್ರಾನೇ ಹೋಗಬೇಡಿ, ಲೈನ್ ಬಂದ್ ಮಾಡ್ಸಿ. ಹಿಂದಿನಿಂದ ಇಲ್ಲಾ ಪಕ್ಕದಿಂದ ಹೋಗಿ, ಮುಂದೆ ಫ್ಯಾನು ನಿಂತಿದ್ರೂ ಅದನ್ನ ಕೈಯಿಂದ ತಿರುಗಿಸಬೇಡಿ, ಒಂದು ಎಳೆ ತಿರುಗಿದ್ರೆ ಸಾಕು ಕಿಡಿ ಹತ್ತಿ ಸ್ಟಾರ್ಟ್ ಆಗಿ ಕೈ ಹೋಗಬಹುದು. ಒಳಗಿರೋರು ಮಾತಾಡ್ತಿದ್ರೆ, ಬೆಂಕಿ ಇಲ್ಲ ಅಂದ್ರೆ, ಎಳೆದಾಡಬೇಡಿ, ಬೆನ್ನುಮೂಳೆಗೆ ಏಟಾಗಿರಬಹುದು, 112ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಬರೋವರೆಗೂ ನೆರಳು ಮಾಡಿ ಮಾತಾಡಿಸ್ತಾ ಇರಿ. ಬೆಂಕಿ ಕಂಡ್ರೆ ಮಾತ್ರ ಏನೂ ನೋಡದೇ ಹೊರಗೆ ಎಳೀರಿ. ಬೆಲ್ಟಿನ ಬಕಲ್ ಹೊಟ್ಟೆ ಹತ್ರ ಇರತ್ತೆ, ಮುಚ್ಚಳದಂಗೆ ಎತ್ತಿದ್ರೆ ಬಿಚ್ಚತ್ತೆ.

ಕಡೇದಾಗಿ ಒಂದು ಮಾತು. ಜನ ಸೇರ್ತಾರೆ, ಸೆಲ್ಫಿ ತಗೋತಾರೆ, ಹುಡುಗರು ನೆನಪಿಗಿರಲಿ ಅಂತ ಒಂದೊಂದು ತುಂಡು ಜೇಬಿಗೆ ಹಾಕ್ಕೊಂಡು ಹೋಗ್ತಾರೆ. ದಯವಿಟ್ಟು ಬಿಡಬೇಡಿ. ನಿಮ್ಮ ಊರಿನ ನಾಲ್ಕು ಜನ ನಿಂತು ಸುತ್ತ ಹಗ್ಗ ಕಟ್ಟಿ, ಪೊಲೀಸರು ಬರೋವರೆಗೂ ಕಾಯ್ರಿ. ತನಿಖೆಯವರು ಬಂದಾಗ ಹುಡುಕೋದು ಬೆರಳ ತುದಿಯಷ್ಟಿರೋ ಒಂದು ಸ್ಕ್ರೂ ಇರಬಹುದು, ಹ್ಯಾರಿಸನ್ ಫೋರ್ಡ್ ವಿಮಾನದಲ್ಲಿ ಸಿಕ್ಕಿದ ಜೆಟ್ಟಿನಂಥದ್ದು, ಮತ್ತೆ ಅಂಥದೇ ವಿಮಾನ ಇನ್ನೊಂದು ಸ್ಕೂಲಲ್ಲಿ ನಾಳೆ ಬೆಳಿಗ್ಗೆ ಹಾರೋಕೆ ನಿಂತಿರತ್ತೆ.